ಕೂಗಿದರೆ ತಿರುಗುವ ಮಗುವಿಗೂ ಕಿವಿ ಮಂದವಿರಬಹುದು

ನಾನು ಶಿಶುವಿಹಾರ ನಡೆಸುತ್ತೇನೆ. ವೈದ್ಯಳಲ್ಲ, ಶ್ರವಣ ತಜ್ಞೆಯೂ ಅಲ್ಲ. ಆದರೆ ಎರಡರಿಂದ ಐದು ವರ್ಷದ ಮಕ್ಕಳ ಜೊತೆ ದಿನವಿಡೀ ಇರುವವರ ಕಣ್ಣಿಗೆ ಬೀಳುವ ಕೆಲವು ಸಂಗತಿಗಳು ಆಸ್ಪತ್ರೆಯಲ್ಲಿ ಹತ್ತು ನಿಮಿಷ ಕೂತು ಹೋಗುವ ಮಗುವಿನಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಹಾಜರಿ ಪುಸ್ತಕದ ಪಕ್ಕದಲ್ಲಿ ಕಿವಿಗಾಗಿಯೇ ಒಂದು ನೋಟ್‌ಬುಕ್ ಇಟ್ಟಿದ್ದೇವೆ.

ಅದರಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದು ನಾನೇ ಹಾಕಿದ ಕಟ್ಟಳೆ. "ಗಮನವಿಲ್ಲ", "ಮೊಂಡು", "ಮಂಕಾಗಿದ್ದಾಳೆ" ಎಂದು ಯಾರಾದರೂ ಬರೆದರೆ ಹೊಡೆದುಹಾಕುತ್ತೇನೆ. "ನೆಗಡಿ ಬಂದು ಎರಡನೇ ವಾರ. ಅಭಿನಯ ಗೀತೆಯಲ್ಲಿ ಪಕ್ಕದ ಹುಡುಗನ ಕೈ ನೋಡಿದ ಮೇಲೆ ತನ್ನ ಕೈ ಎತ್ತಿದಳು. ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದಾಳೆ" ಎಂದು ಬರೆದರೆ ಅದು ಉಪಯೋಗಕ್ಕೆ ಬರುತ್ತದೆ. ಕತೆ ಹೇಳುವಾಗ ಹತ್ತಿರ ಹತ್ತಿರ ಸರಿಯುವುದು, ಒಂದೇ ಪಕ್ಕದಿಂದ ಕರೆದರೆ ಮಾತ್ರ ಓಗೊಡುವುದು, ದನಿ ಬಂದ ದಿಕ್ಕು ತಿಳಿಯದೆ ಸುತ್ತಲೂ ಹುಡುಕುವುದು, ಇದ್ದಕ್ಕಿದ್ದಂತೆ ಜೋರಾಗಿ ಮಾತನಾಡತೊಡಗುವುದು, ಬಂದ ಮಾತು ತೊದಲಾಗುವುದು ಎಲ್ಲವನ್ನೂ ಬರೆಯುತ್ತೇವೆ. ತಂಟೆ ಮಾಡುವ ಮಗು ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಮೂಲೆಯಲ್ಲಿ ಕೂತು ಉಳಿದವರನ್ನು ನೋಡಿ ಅನುಕರಿಸುವ "ಒಳ್ಳೆಯ" ಮಗುವಿನ ಮೇಲೆಯೇ ನನ್ನ ಅನುಮಾನ ಹೆಚ್ಚು.

ನೆಗಡಿಯ ಲೆಕ್ಕ ಇಡುವುದಕ್ಕೆ ಕಾರಣವಿದೆ. ನಡುಗಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಯುಸ್ಟೇಷಿಯನ್ ನಾಳ ಚಿಕ್ಕ ಮಕ್ಕಳಲ್ಲಿ ಗಿಡ್ಡವಾಗಿ, ಕಿರಿದಾಗಿ, ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಇರುತ್ತದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಶೀತವಾದಾಗ ಈ ನಾಳ ಕಟ್ಟಿಕೊಂಡರೆ ಗಾಳಿ ಇರಬೇಕಾದ ಜಾಗದಲ್ಲಿ ದ್ರವ ತುಂಬುತ್ತದೆ. ಕೆಲವರಲ್ಲಿ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಕಿವಿಯ ತಮಟೆ, ಅಂದರೆ ಸದ್ದು ಬಡಿದಾಗ ಅದುರುವ ತೆಳು ಪೊರೆ, ಸರಿಯಾಗಿ ಅದುರುವುದಿಲ್ಲ, ಅಷ್ಟೆ. ಕೇಳುವ ಶಕ್ತಿ ಸಾಮಾನ್ಯವಾಗಿ 20ರಿಂದ 30 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಅದೂ ದಿನದಿಂದ ದಿನಕ್ಕೆ ಹೆಚ್ಚುಕಡಿಮೆಯಾಗುತ್ತದೆ. ಸೋಮವಾರ ಕೇಳಿಸಿದ್ದು ಗುರುವಾರ ಕೇಳಿಸದೆ ಹೋದಾಗ ದೊಡ್ಡವರಿಗೆ ಅದು ಹಟದಂತೆ ಕಾಣುತ್ತದೆ.

"ಮನೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ ಟೀಚರ್, ತನಗೆ ಬೇಕಾದ್ದು ಮಾತ್ರ ಕೇಳಿಸಿಕೊಳ್ಳುತ್ತಾಳೆ" ಎಂದು ತಾಯಂದಿರು ಹೇಳುವುದುಂಟು. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ಮಗು ತಿರುಗುತ್ತದೆ ಎಂಬುದು ಅವರ ಸಾಕ್ಷಿ. ಚಪ್ಪಾಳೆ ಬಹಳ ಜೋರಿನ ಸದ್ದು. ಸಾಕಷ್ಟು ಕಿವುಡಿರುವ ಮಗುವೂ ಅದಕ್ಕೆ ತಿರುಗಬಹುದು. ನೆರಳು ಕಂಡು ತಿರುಗಲೂಬಹುದು. ಹುಟ್ಟಿದಾಗ ಮಾಡಿಸಿದ ಕಿವಿ ಪರೀಕ್ಷೆಯ ಚೀಟಿಯನ್ನು ತಂದು ತೋರಿಸುವವರೂ ಇದ್ದಾರೆ. ಆ ಪರೀಕ್ಷೆ ಬಹಳ ಮುಖ್ಯವಾದದ್ದೇ. ಆದರೆ ಮೂರು ವರ್ಷ ಕಳೆದು ಬಂದ ನೆಗಡಿಯ ಬಗ್ಗೆ ಅದು ಏನನ್ನೂ ಹೇಳಲಾರದು.

ವಾದ ಮಾಡಿ ಪ್ರಯೋಜನವಿಲ್ಲವೆಂದು ಪೋಷಕರ ಸಭೆಯಲ್ಲಿ ಒಂದು ಆಟ ಆಡಿಸುತ್ತೇನೆ. ಎಲ್ಲರೂ ಎರಡು ಕಿವಿಗೂ ಬೆರಳು ಒತ್ತಿ ಹಿಡಿಯಬೇಕು. ಕೋಣೆಯ ಇನ್ನೊಂದು ತುದಿಯಲ್ಲಿ ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ಮಾಮೂಲಿ ದನಿಯಲ್ಲಿ ಬಿಡಿ ಪದಗಳನ್ನು ಹೇಳುತ್ತೇನೆ: ಕಪ್ಪೆ, ಹಸು, ತಟ್ಟೆ. ಕಪ್ಪೆ ಕೆಲವರಿಗೆ ಸಪ್ಪೆಯಾಗುತ್ತದೆ, ಹಸು ಹತ್ತಾಗುತ್ತದೆ, ನಗು ಏಳುತ್ತದೆ. ಸ್ವರಗಳು ಹೇಗೋ ದಾಟಿಕೊಂಡು ಬರುತ್ತವೆ. ಸ, ಶ, ಕ, ತದಂಥ ಮೆಲುದನಿಯ ವ್ಯಂಜನಗಳು ದಾರಿಯಲ್ಲೇ ಉದುರುತ್ತವೆ. ದೊಡ್ಡವರು ಪದ ಮೊದಲೇ ಗೊತ್ತಿರುವುದರಿಂದ ಊಹಿಸಿ ತುಂಬಿಕೊಳ್ಳುತ್ತಾರೆ. ಆ ಪದವನ್ನು ಇನ್ನೂ ಕಲಿಯಬೇಕಾದ ಮಗು ಏನೆಂದು ಊಹಿಸಬೇಕು? ಈ ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಯಾರೂ ಚಪ್ಪಾಳೆಯ ಮಾತು ಎತ್ತುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಮಗುವನ್ನು ಸದ್ದಿಲ್ಲದ ಕೋಣೆಗೆ ಕರೆದೊಯ್ದು ಆರು ಧ್ವನಿಗಳ ಆಟ ಆಡುತ್ತೇನೆ. ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಕ್ರಮ ಇದು: ಆ, ಊ, ಈ, ಮ್, ಶ್, ಸ್. ಮಾತಿನಲ್ಲಿ ಬರುವ ತಗ್ಗು ಸ್ಥಾಯಿಯಿಂದ ಮೇಲಿನ ಸ್ಥಾಯಿಯವರೆಗಿನ ಹರವನ್ನು ಈ ಆರು ಧ್ವನಿಗಳು ಮುಟ್ಟುತ್ತವೆ. ಮಗುವಿನ ಕೈಗೆ ಮರದ ತುಂಡುಗಳನ್ನು ಕೊಟ್ಟು, ಸದ್ದು ಕೇಳಿದಾಗ ಒಂದನ್ನು ಬುಟ್ಟಿಗೆ ಹಾಕು ಎನ್ನುತ್ತೇನೆ. ಮೊದಲು ಎದುರಿಗೆ ಕೂತು ಆಟ ಕಲಿಸಬೇಕು. ಕಲಿತ ಮೇಲೆ ಪಕ್ಕಕ್ಕೆ ಸರಿದು, ಒಂದು ಮೀಟರ್ ದೂರದಿಂದ, ಆಮೇಲೆ ಮೂರು ಮೀಟರ್ ದೂರದಿಂದ, ಮಾತನಾಡುವಷ್ಟೇ ದನಿಯಲ್ಲಿ ಹೇಳಬೇಕು. ಒಂದೇ ಲಯದಲ್ಲಿ ಹೇಳಿದರೆ ಮಕ್ಕಳು ಲಯಕ್ಕೇ ತುಂಡು ಹಾಕಿಬಿಡುತ್ತಾರೆ. ಅವರು ನಮಗಿಂತ ಚುರುಕು. ಆದ್ದರಿಂದ ನಡುವೆ ಒಮ್ಮೆ ಉದ್ದಕ್ಕೆ ಸುಮ್ಮನಿರುತ್ತೇನೆ. ನಿಜವಾಗಿ ಕೇಳಿಸಿಕೊಳ್ಳುವ ಮಗು ತುಂಡನ್ನು ಕೆನ್ನೆಯ ಹತ್ತಿರ ಹಿಡಿದು ಉಸಿರು ಬಿಗಿಹಿಡಿದು ಕಾಯುತ್ತದೆ. ಊಹಿಸುವ ಮಗು ನನ್ನ ಭುಜ ನೋಡುತ್ತದೆ, ಉಸಿರೆಳೆದುಕೊಂಡಾಗ ಅದು ಮೇಲೇಳುತ್ತದಲ್ಲ!

ಇದು ಪರೀಕ್ಷೆಯಲ್ಲ, ವೈದ್ಯರ ಬಳಿಗೆ ಕಳುಹಿಸಲು ಒಂದು ಕಾರಣ ಮಾತ್ರ. ಆಟ ಸರಿಯಾಗಿ ಆಡಿದ ಮಗುವಿನ ತಾಯಿಗೂ ಅನುಮಾನವಿದ್ದರೆ ತೋರಿಸಿಕೊಂಡು ಬನ್ನಿ ಎಂದೇ ಹೇಳುತ್ತೇನೆ. ಕಳುಹಿಸುವಾಗ ನೋಟ್‌ಬುಕ್ಕಿನ ಸಾಲುಗಳನ್ನು ತಾರೀಖು ಸಮೇತ ಒಂದು ಹಾಳೆಗೆ ಇಳಿಸಿ ಕೊಡುತ್ತೇನೆ. "ಕಿವಿ ನೋಡಿ" ಎಂದಷ್ಟೇ ಹೇಳಿದರೆ ಗುಗ್ಗೆ ತೆಗೆದು ಕಳುಹಿಸುವ ಸಾಧ್ಯತೆಯಿದೆ. ಹಾಳೆ ಇದ್ದರೆ ಮಾತು ಮುಂದಕ್ಕೆ ಹೋಗುತ್ತದೆ.

ನಾನು ಮೇಲೆ ಬರೆದ, ಪಕ್ಕದವನ ಕೈ ನೋಡುತ್ತಿದ್ದ ಹುಡುಗಿಯ ವಿಷಯದಲ್ಲಿ ಹಾಗೇ ಆಯಿತು. ಟಿಂಪನೋಮೆಟ್ರಿ ಮಾಡಿದರು. ಕಿವಿಯ ಕಾಲುವೆಯಲ್ಲಿ ಗಾಳಿಯ ಒತ್ತಡ ಏರಿಳಿಸಿ ತಮಟೆ ಎಷ್ಟು ಬಾಗುತ್ತದೆ ಎಂದು ನೋಡುವ ಪರೀಕ್ಷೆ ಅದು. ಮಗು ಉತ್ತರ ಕೊಡಬೇಕಾದ್ದೇನೂ ಇಲ್ಲ. ಆರೋಗ್ಯದ ಕಿವಿಯಲ್ಲಿ ಗೆರೆ ನಡುವೆ ಮೇಲೆದ್ದು ಇಳಿಯುತ್ತದೆ. ಅವಳ ಎರಡೂ ಕಿವಿಯ ಗೆರೆ ಚಪ್ಪಟೆಯಾಗಿತ್ತು. ಔಷಧಿ ಬರೆದುಕೊಡಲಿಲ್ಲವೆಂದು ತಂದೆಗೆ ಅಸಮಾಧಾನ. ಆದರೆ ಸೋಂಕಿಲ್ಲದ ಈ ದ್ರವಕ್ಕೆ ಆಂಟಿಬಯಾಟಿಕ್ ಆಗಲಿ, ಅಲರ್ಜಿ ಮಾತ್ರೆಯಾಗಲಿ ಕೆಲಸ ಮಾಡುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದೆ, ಕೇಳುವ ಶಕ್ತಿಯೂ ಕುಗ್ಗಿಯೇ ಉಳಿದರೆ ತಮಟೆಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸುವ ಮಾತು ಬರುತ್ತದೆ. ಅವಳಿಗೆ ಅದು ಬೇಕಾಗಲಿಲ್ಲ.

ಈ ಕಾಯುವ ಮೂರು ತಿಂಗಳು ಸಂಪೂರ್ಣವಾಗಿ ನಮ್ಮ ಜವಾಬ್ದಾರಿ ಎಂದು ನಾನು ತಿಳಿದಿದ್ದೇನೆ. ಆ ಅವಧಿಯಲ್ಲಿ ಮಗುವಿನ ಕಿವಿಯನ್ನು ಬದಲಿಸಲಾಗದು, ಕೋಣೆಯನ್ನು ಬದಲಿಸಬಹುದು. ಕುರ್ಚಿ ಮೇಜುಗಳ ಕಾಲಿಗೆ ದಪ್ಪ ಬಟ್ಟೆ ಅಂಟಿಸಿದೆವು. ಬರಿಯ ಗೋಡೆಗೆ ಬಟ್ಟೆಯ ಚಿತ್ರಪಟಗಳನ್ನು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದೆವು. ಗಲಾಟೆ ಪೂರ್ತಿ ನಿಲ್ಲುವುದಿಲ್ಲ, ಮಕ್ಕಳಿರುವ ಜಾಗ; ಆದರೆ ಸದ್ದು ಗೋಡೆಗೆ ಬಡಿದು ಮರಳಿ ಬರುವುದು ಕಡಿಮೆಯಾಯಿತು. ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ದೂರ ಕಡಿಮೆ ಮಾಡಿದ್ದು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿಲ್ಲದಿದ್ದರೂ ಬಾಗಿಲ ಬಳಿ ನಿಂತು ಕೂಗುವುದಕ್ಕಿಂತ ನಾಲ್ಕು ಹೆಜ್ಜೆ ನಡೆದು ಮಂಡಿಯೂರಿ ಹೇಳುವುದು ಎಷ್ಟೋ ಮೇಲು. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಹೀಗಾಗಿ ಕತೆ ಹೇಳುವ ಜಾಗವನ್ನೇ ತಿರುಗಿಸಿದೆವು.

ಇನ್ನೊಂದು ವಿಷಯ ನಮ್ಮ ವಾಕ್ಯಗಳದ್ದು. ಕನ್ನಡದಲ್ಲಿ 'ಬೇಡ', 'ಇಲ್ಲ' ಬರುವುದು ಕೊನೆಯಲ್ಲಿ. ನಮ್ಮ ದನಿ ಇಳಿಯುವುದೂ ಅಲ್ಲೇ. "ಓಡಬೇಡ" ಎಂದು ಕೂಗಿದಾಗ ಕಿವಿ ಮಂದವಾದ ಮಗುವಿಗೆ ಮುಟ್ಟುವುದು "ಓಡ" ಮಾತ್ರ, ಅದು ಇನ್ನಷ್ಟು ಜೋರಾಗಿ ಓಡುತ್ತದೆ. ಈಗ ನಾವು ಮೊದಲು ಹೆಸರು ಕರೆದು, ಕಣ್ಣು ಕೂಡಿದ ಮೇಲೆ "ನಿಲ್ಲು" ಎನ್ನುತ್ತೇವೆ.

ಸೋರುವ ಕಿವಿಯ ದಾರಿ ಬೇರೆ. ಅಲ್ಲಿ ಕಾಯುವ ಮಾತಿಲ್ಲ, ಅಂದೇ ವೈದ್ಯರಿಗೆ ತೋರಿಸಬೇಕು. ಎರಡು ವಾರ ದಾಟಿಯೂ ಸೋರುತ್ತಿದ್ದರೆ ತಮಟೆಯಲ್ಲಿ ತೂತು ಉಳಿದಿರುವ ಸಂಭವ ಹೆಚ್ಚು. ಮಕ್ಕಳ ಶ್ರವಣ ದೋಷಗಳಲ್ಲಿ ಸುಮಾರು ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿರ್ಲಕ್ಷಿಸಿದ ಸೋರುವ ಕಿವಿಯೂ ಅವುಗಳಲ್ಲಿ ಒಂದು. ನಮ್ಮಲ್ಲಿ ಹೊರಗಿವಿಯನ್ನು ಸ್ವಚ್ಛ ಬಟ್ಟೆಯಿಂದ ಒರೆಸುತ್ತೇವೆ, ಒಳಗೆ ಏನನ್ನೂ ತೂರಿಸುವುದಿಲ್ಲ: ಹತ್ತಿ ಸುತ್ತಿದ ಕಡ್ಡಿಯನ್ನೂ ಇಲ್ಲ, ಎಣ್ಣೆಯನ್ನೂ ಇಲ್ಲ. ಮಗು ಮಣಿಯನ್ನೋ ಕಾಳನ್ನೋ ಕಿವಿಗೆ ತುರುಕಿಕೊಂಡಿದ್ದರೆ ಚಿಮುಟದ ಸಾಹಸ ಮಾಡುವುದಿಲ್ಲ. ಅದು ಇನ್ನೂ ಒಳಗೆ ಹೋಗುತ್ತದೆ. ಗುಂಡಿಯಂಥ ಪುಟ್ಟ ಬ್ಯಾಟರಿಯಾದರೆ ಗಂಟೆಗಳಲ್ಲೇ ಒಳಗಿನ ಚರ್ಮವನ್ನು ಸುಡಬಲ್ಲದು, ಆದ್ದರಿಂದ ಪೋಷಕರು ಬರುವವರೆಗೂ ಕಾಯದೆ ಆಸ್ಪತ್ರೆಗೆ ಓಡುತ್ತೇವೆ.

ಕಿವಿ ಸೋರುವ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೇ ಎಂದು ಉಳಿದ ಪೋಷಕರು ಕೇಳುತ್ತಾರೆ, ಕೆಲವರು ಸ್ವಲ್ಪ ಖಾರವಾಗಿಯೇ. ಹರಡುವುದು ಮುಖ್ಯವಾಗಿ ನೆಗಡಿಯ ವೈರಾಣು. ಅದಕ್ಕೆ ಎಲ್ಲರ ಕೈ ತೊಳೆಸುತ್ತೇವೆ, ಮೂಗು ಒರೆಸಿದ ಕಾಗದವನ್ನು ಮುಚ್ಚಳವಿರುವ ಬುಟ್ಟಿಗೆ ಹಾಕಿಸುತ್ತೇವೆ. ಜ್ವರವಿದ್ದು ಮಗು ಸೊರಗಿದ್ದರೆ ಮನೆಗೆ ಕಳುಹಿಸುತ್ತೇನೆ. ಇಲ್ಲದಿದ್ದರೆ ಅದು ಇಲ್ಲೇ, ಚೆನ್ನಾಗಿ ಕೇಳುವ ಕಿವಿ ನನ್ನ ಕಡೆಗಿರುವಂತೆ, ಮೊದಲ ಸಾಲಿನಲ್ಲಿ ಕೂರುತ್ತದೆ.