ಹರಳು ಮಿನುಗಿದರೆ ನಂಬಿ, ಅಳತೆ ಮಾತ್ರ ನೆರಳಿನದು ತಗೊಳ್ಳಿ

‘ಯುರೇಟರಿನ ಹರಳು ಸೋನೋಗ್ರಫಿಯಾಗ ಎಲ್ಲಿ ಕಾಣ್ತದರಿ, ಸುಮ್ಮನ ಸಿ.ಟಿ.ಗೆ ಕಳಸ್ರಿ’ ಎಂಬುದು ಬಾಗಲಕೋಟೆಯ ಸ್ಕ್ಯಾನಿಂಗ್ ಮಿತ್ರರ ಮಾತು. ಯುರೇಟರ್ ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ. ಕಪ್ಪು-ಬಿಳುಪು ಚಿತ್ರವೊಂದನ್ನೇ ನೆಚ್ಚಿದರೆ ಅದು ನಿಜವೇ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ, ಹರಳಿನ ಮೇಲೆ ಏಳುವ ಬಣ್ಣಬಣ್ಣದ ಮಿನುಗು ಹುಡುಕಿದರೆ ಮೂತ್ರಕೋಶದ ಹತ್ತಿರದ ಹರಳುಗಳು ಬಹಳಷ್ಟು ಸಿಗುತ್ತವೆ. ಈಗ ಆ ಮಿತ್ರರೇ ಸೆಟ್ಟಿಂಗ್ ಕೇಳುತ್ತಿದ್ದಾರೆ.

3.5 ಮೆಗಾಹರ್ಟ್ಸ್ ಪ್ರೋಬ್ ಸಾಕು. ಫೋಕಸ್ ಹರಳಿಗಿಂತ ತುಸು ಕೆಳಗಿರಲಿ. ಸ್ಕೇಲ್ (ಬಣ್ಣದಲ್ಲಿ ತೋರಿಸುವ ವೇಗದ ಮಿತಿ) ಸೆಕೆಂಡಿಗೆ 60 ಸೆಂ.ಮೀ. ದಾಟಿಸಿ, ರಕ್ತದ ಬಣ್ಣ ಅಳಿಯುತ್ತದೆ, ಹರಳಿನದು ಉಳಿಯುತ್ತದೆ. ಗೇನ್ (ಬಣ್ಣದ ಸಂಕೇತವನ್ನು ಹಿಗ್ಗಿಸುವ ಗುಂಡಿ) ಏರಿಸುತ್ತ ಹೋಗಿ, ಚುಕ್ಕಿಗಳು ಎದ್ದ ಕೂಡಲೇ ಒಂದು ಹೆಜ್ಜೆ ಇಳಿಸಿ. ಮೊದಮೊದಲು ನಾನು ಎಡವಿದ್ದು ಸ್ಕೇಲಿನಲ್ಲೇ: 15ಕ್ಕೆ ಬಿಟ್ಟು, ಯುರೇಟರಿನ ಪಕ್ಕದ ಇಲಿಯಾಕ್ ರಕ್ತನಾಳದ ಬಣ್ಣವನ್ನು ಹರಳೆಂದು ಬರೆದದ್ದುಂಟು. ಅನುಮಾನವಿದ್ದರೆ ಹರಿವನ್ನು ಅಲೆಯಾಗಿ ಬಿಡಿಸುವ ಪಲ್ಸ್ ಡಾಪ್ಲರ್ ಇಡಿ. ನಾಡಿಯ ಅಲೆ ಬರಬಾರದು, ಬರೀ ಉದ್ದುದ್ದ ಗೆರೆಗಳ ಗದ್ದಲ ಬರಬೇಕು. ಡಿ.ಜೆ. ಸ್ಟೆಂಟ್ (ಮೂತ್ರ ಇಳಿಯಲೆಂದು ಯುರೇಟರಿನೊಳಗೆ ಇಡುವ ಕೊಳವೆ), ಕರುಳಿನ ಗಾಳಿಯೂ ಮಿನುಗುತ್ತವೆ. ನುಣುಪು ಹರಳು ಮಿನುಗದೆಯೂ ಇರಬಹುದು.

ಮೂತ್ರಕೋಶ ತುಂಬಿರಬೇಕು, ಬಿರಿಯುವಷ್ಟಲ್ಲ. ಅತಿಯಾದರೆ ಎರಡೂ ಕಿಡ್ನಿ ಉಬ್ಬಿದಂತೆ ಕಾಣುತ್ತವೆ. ಖಾಲಿ ಮಾಡಿಸಿ ಮತ್ತೆ ನೋಡಿ. ನೋವು ಶುರುವಾಗಿ ಒಂದೆರಡು ತಾಸಾಗಿದ್ದರೆ ಕಿಡ್ನಿ ಊದಿರದೆಯೂ ಇರಬಹುದು, ಅದನ್ನು ನಂಬಿ ‘ನಾರ್ಮಲ್’ ಬರೆಯಬೇಡಿ.

ದುಡ್ಡು ಹಾಳಾಗುವುದು ಅಳತೆಯಲ್ಲಿ. ಸೋನೋಗ್ರಫಿ ಸಣ್ಣ ಹರಳನ್ನು ದೊಡ್ಡದಾಗಿ ತೋರಿಸುತ್ತದೆ. ತಾನೇ ಬಿದ್ದುಹೋಗಬಹುದಾದ 5 ಮಿ.ಮೀ. ಹರಳಿಗೆ ವರದಿಯಲ್ಲಿ 7 ಅಂತ ಬಿದ್ದರೆ ಆಪರೇಷನ್ ಮಾತು ಬಂತು, ನಲವತ್ತೈವತ್ತು ಸಾವಿರ ಕೈಬಿಟ್ಟಿತು. ಹರಳಿನ ಬಿಳುಪನ್ನು ಬಿಟ್ಟು ಅದರ ಹಿಂದಿನ ನೆರಳಿನ ಅಗಲ ಅಳೆಯಿರಿ, ನಿಜಕ್ಕೆ ಹತ್ತಿರ ಬರುತ್ತದೆ. ಹಲವು ಕೋನದ ಚಿತ್ರಗಳನ್ನು ಬೆರೆಸುವ ಕಾಂಪೌಂಡ್ ಇಮೇಜಿಂಗ್ ಬಂದ್ ಮಾಡಿ. ಚಿತ್ರ ಚೆಂದ ಮಾಡಲು ಹೋಗಿ ನೆರಳನ್ನೇ ತಿನ್ನುತ್ತದೆ.

ಬಿದ್ದ ಹರಳನ್ನು ನೀರಿನ ಲೋಟದಲ್ಲಿಟ್ಟು ಡಾಪ್ಲರಿನಲ್ಲಿ ನೋಡುವ ಚಟವೂ ನನಗಿದೆ. ಒಣ ಹರಳು ಮುಳುಗಿದ ಕೂಡಲೇ ದೀಪಾವಳಿ! ಅದು ಮೈಗಂಟಿದ ಗಾಳಿ. ಕುದಿಸಿ ಆರಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟ ಮೇಲಷ್ಟೇ ಪರೀಕ್ಷೆ ಮಾಡಿ.

ನಡು ಯುರೇಟರ್ ಗ್ಯಾಸಿನ ಹಿಂದೆ ಅಡಗುತ್ತದೆ. ರೋಗಿಯನ್ನು ಯಾವ ಮಗ್ಗುಲಿಗೆ ಮಲಗಿಸಿ ಎಲ್ಲಿ ಒತ್ತುತ್ತೇನೆಂಬುದನ್ನು ಇಲ್ಲಿ ಬರೆಯಲಾರೆ, ಅದು ನನ್ನ ಅನ್ನ. ಜ್ವರವಿದ್ದರೆ, ಒಂದೇ ಕಿಡ್ನಿಯಿದ್ದರೆ ಕಸರತ್ತು ಬೇಡ. ಮೂರೂವರೆ-ನಾಲ್ಕು ಸಾವಿರ ಹೋದರೂ ನೇರ ಸಿ.ಟಿ.ಗೇ ಕಳಿಸಿ. ಮೈ ತೆಳುವಿದ್ದವರಿಗೆ ಕಡಿಮೆ ಡೋಸಿನ (ಕಡಿಮೆ ವಿಕಿರಣದ) ಸಿ.ಟಿ. ಕೇಳಿ. ದಪ್ಪ ಇದ್ದವರಲ್ಲಿ ಅದು 3 ಮಿ.ಮೀ.ನೊಳಗಿನ ಹರಳನ್ನು ಬಿಟ್ಟುಬಿಡಬಹುದು.