ನನ್ನ ಹಳೇ ಮಿಯಾಟಾ ಸ್ಮಾಗ್ ಟೆಸ್ಟ್ ಪಾಸಾದದ್ದು ಹೀಗೆ

ನನ್ನ ಹತ್ತಿರ 1992ರ ಮಾಜ್ದಾ ಮಿಯಾಟಾ ಇದೆ. 1.6 ಲೀಟರ್ ಎಂಜಿನ್, ಎರಡೇ ಸೀಟು. ಸ್ಯಾನ್ ಹೋಸೆಯಲ್ಲಿ ಕೊಂಡಾಗಲೇ ಹಿಂದಿನವರು ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ಪೈಪುಗಳು), ಕೋನ್ ಫಿಲ್ಟರ್ (ಎಂಜಿನ್ನಿಗೆ ಗಾಳಿ ಹೋಗುವ ಕಡೆಯ ಫಿಲ್ಟರ್) ಹಾಕಿಸಿದ್ದರು. ಓಡಿಸೋಕೆ ಬಲು ಖುಷಿ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ಪರೀಕ್ಷೆ, ಆಗಲೇಬೇಕು, ಇಲ್ಲದಿದ್ದರೆ ರಿಜಿಸ್ಟ್ರೇಷನ್ ರಿನ್ಯೂ ಆಗೋದಿಲ್ಲ.

ನಮ್ಮೂರಲ್ಲಿ ಪಿಯುಸಿ ಮಾಡಿಸುವಾಗ ನಿಂತ ಗಾಡಿಯ ಸೈಲೆನ್ಸರಿಗೆ ಪೈಪ್ ತೂರಿಸಿ ನೋಡ್ತಾರೆ. ಇಲ್ಲಿ ಇಷ್ಟು ಹಳೇ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಲೋಡ್ ಕೊಟ್ಟು, ಗಂಟೆಗೆ 15 ಮೈಲಿ ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆಯುತ್ತಾರೆ. ಬಾನೆಟ್ ತೆಗೆದು ಪಾರ್ಟುಗಳನ್ನೂ ನೋಡುತ್ತಾರೆ. ಹೊಗೆಗೆ ಸಂಬಂಧಪಟ್ಟ ಪಾರ್ಟು ಬದಲಾಗಿದ್ದರೆ ಅದಕ್ಕೆ ರಾಜ್ಯದ ಒಪ್ಪಿಗೆಯ ಇಓ ನಂಬರ್ ಇರಬೇಕು. ಸಸ್ಪೆನ್ಷನ್, ವೀಲು, ಸೀಟು ಏನು ಬದಲಾಯಿಸಿದ್ದರೂ ಅವರಿಗೆ ಬೇಕಿಲ್ಲ.

ನಾನು ಮೊದಲು ಪ್ರೀ-ಟೆಸ್ಟ್ ಮಾಡಿಸಿದೆ. ಅದೇ ಪರೀಕ್ಷೆ, ಆದರೆ ಸರ್ಟಿಫಿಕೇಟ್ ಕೊಡೋದಿಲ್ಲ. ಹೆಡರಿಗೂ ಫಿಲ್ಟರಿಗೂ ಇಓ ನಂಬರ್ ಇರಲಿಲ್ಲ. ಜೊತೆಗೆ ಎರಡೂ ವೇಗದಲ್ಲಿ ಎನ್‌ಓ, ಅಂದರೆ ನೈಟ್ರಿಕ್ ಆಕ್ಸೈಡ್, ಮಿತಿ ದಾಟಿತ್ತು. ಒಂದು ಗ್ಯಾರೇಜಿನವರು ರಿಪೋರ್ಟ್ ಸರಿಯಾಗಿ ನೋಡದೆಯೇ 'ಕ್ಯಾಟ್ ಹೋಗಿದೆ, ಹೊಸದು ಹಾಕಿ' ಅಂದುಬಿಟ್ಟರು. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಡಬ್ಬಿ.

ದುಡ್ಡು ಬಿಚ್ಚುವ ಮೊದಲು ರಿಪೋರ್ಟ್ ಹಿಡಿದು ಕೂತೆ. ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಪೆಟ್ರೋಲು, ಕಡಿಮೆ; ಸಿಓ, ಅಂದರೆ ಕಾರ್ಬನ್ ಮೊನಾಕ್ಸೈಡ್, ಇನ್ನೂ ಕಡಿಮೆ. ಕ್ಯಾಟ್ ಪೂರ್ತಿ ಸತ್ತಿದ್ದರೆ ಅವೆರಡೂ ಏರಬೇಕಿತ್ತು, ಅಲ್ವಾ? ಆದರೆ ಆಕ್ಸಿಜನ್ ಜಾಸ್ತಿ ತೋರಿಸುತ್ತಿತ್ತು. ಕ್ಯಾಟ್ ಒಳಗೆ ಆಕ್ಸಿಜನ್ ಜಾಸ್ತಿಯಾದರೆ ಅದು ಎನ್‌ಓವನ್ನು ಒಡೆಯಲಾರದು. ಹಾಗಾದರೆ ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ.

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಚಿಮುಕಿಸಿದೆ. ಹೆಡರ್ ಮುಗಿದು ಕ್ಯಾಟ್ ಶುರುವಾಗುವ ಫ್ಲ್ಯಾಂಜಿನ ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆಗಳು ಪಟಪಟ ಎದ್ದವು. ಹೊಗೆ ಸೋರುವ ಆ ಸಂದಿಯಿಂದಲೇ ಗಾಳಿಯೂ ಒಳಗೆ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಒಂದು ಕಡೆ ಸುಟ್ಟು, ಕಪ್ಪು ಗೆರೆ ಬಿದ್ದಿತ್ತು. ಸ್ಕ್ರ್ಯಾಪ್ ಯಾರ್ಡಿನಿಂದ ಹೆಡರ್, ಫಿಲ್ಟರ್ ಜಾಗಕ್ಕೆ ಕಂಪನಿಯದೇ ಮ್ಯಾನಿಫೋಲ್ಡ್, ಏರ್ ಬಾಕ್ಸ್ ತಂದು, ಹೊಸ ಗ್ಯಾಸ್ಕೆಟ್ ಇಟ್ಟು ಜೋಡಿಸಿದೆ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಇಲ್ಲದಿದ್ದರೆ ಸ್ಟಡ್ ಮುರಿಯುತ್ತೆ.

ಇನ್ನೊಂದು ವಿಷಯ ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ತಲುಪುವ ಎಷ್ಟು ಡಿಗ್ರಿ ಮೊದಲು ಪ್ಲಗ್ಗಿನ ಕಿಡಿ ಹಾರಬೇಕು ಅನ್ನೋದು. ಇದನ್ನು ಬದಲಾಯಿಸೋದು ಮಿಯಾಟಾ ಓಡಿಸುವವರಲ್ಲಿ ತುಂಬಾ ಜನ ಮಾಡುವ ಕೆಲಸ. ಕಂಪನಿ ಹೇಳುವುದು 10 ಡಿಗ್ರಿ, ಪವರ್ ಸಿಗಲಿ ಅಂತ 14ಕ್ಕೆ ಏರಿಸಿಕೊಳ್ಳುತ್ತಾರೆ. ನನ್ನದೂ 14 ಇತ್ತು. ಕಿಡಿ ಮುಂಚೆ ಹಾರಿದಷ್ಟೂ ಸಿಲಿಂಡರ್ ಒಳಗೆ ಬಿಸಿ ಏರುತ್ತದೆ, ಬಿಸಿ ಏರಿದರೆ ಗಾಳಿಯಲ್ಲಿನ ನೈಟ್ರೋಜನ್ ಆಕ್ಸಿಜನ್ ಜೊತೆ ಸೇರಿ ಎನ್‌ಓ ಹೆಚ್ಚಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಡಯಾಗ್ನೋಸಿಸ್ ಬಾಕ್ಸಿನಲ್ಲಿ ಟಿಇಎನ್, ಜಿಎನ್‌ಡಿ ಅಂತ ಬರೆದ ಎರಡು ತೂತುಗಳಿಗೂ ಒಂದು ವೈರ್ ತುಂಡು ಸಿಕ್ಕಿಸಿದೆ. ಐಡಲ್ ನಿಮಿಷಕ್ಕೆ 850 ಸುತ್ತಿಗೆ ಬಂತು. ಕಿಡಿ ಹಾರಿದಾಗೆಲ್ಲ ಮಿನುಗುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಪ್ಲಗ್ ವೈರಿಗೆ ಹಾಕಿ, ಎಂಜಿನ್ ಹಿಂಬದಿಯ ಕ್ಯಾಮ್ ಆ್ಯಂಗಲ್ ಸೆನ್ಸರಿನ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದೆ. ಪುಲ್ಲಿಯ ಗುರುತು 10ರ ಗೆರೆಗೆ ಬಂದು ನಿಂತಿತು. ಅದೆಷ್ಟು ಸಮಾಧಾನ ಆಯ್ತು ಅಂತೀರಿ!

ಟೆಸ್ಟ್ ದಿನ 280 ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ, ಎಂಜಿನ್ ಆರಿಸದೆ ನೇರ ಸ್ಟೇಷನ್ನಿಗೆ ಹೋದೆ. ಕ್ಯಾಟ್ ಕೆಲಸ ಶುರು ಮಾಡುವುದೇ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಸರದಿಯಲ್ಲಿ ಕಾಯುವಾಗ ಅದು ತಣ್ಣಗಾಗಬಾರದು ಅಂತ ಜನ ಕಡಿಮೆ ಇರುವ ಹೊತ್ತು ಕೇಳಿಕೊಂಡೇ ಹೋಗಿದ್ದೆ. ಬಾಟಲಿಯಲ್ಲಿ ಬರುವ ಯಾವ ಔಷಧಿಯನ್ನೂ ಟ್ಯಾಂಕಿಗೆ ಸುರಿಯಲಿಲ್ಲ.

ಎನ್‌ಓ ಮೊದಲಿದ್ದುದರ ಕಾಲು ಭಾಗಕ್ಕೂ ಕಡಿಮೆ ಬಂತು. ಕ್ಯಾಟ್ ಮಾತ್ರ ಹಳೆಯದೇ.