ಪಲ್ಯದ ನೀರು ಹೋಯ್ತು, ಸ್ಪ್ರಿಂಗ್ ರೋಲ್ ಗರಿಗರಿ ಆಯ್ತು

ಮೊದಲ ಸಲ ಕರಿದ ಆರು ಸ್ಪ್ರಿಂಗ್ ರೋಲ್‌ಗಳಲ್ಲಿ ನಾಲ್ಕು ಬಾಣಲೆಯಲ್ಲೇ ಬಿಚ್ಚಿಕೊಂಡವು. ಎಣ್ಣೆ ಚಟಪಟ ಹಾರಿತು. ಉಳಿದ ಎರಡು ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗಿದ್ದವು. ನಮ್ಮ ಅತ್ತೆ ಒಂದನ್ನು ಬಿಡಿಸಿ ನೋಡಿ, "ಹೋಳಿಗೆಗೆ ಕಟ್ಟು ಬಸಿಯದೇ ಹೂರಣ ರುಬ್ತೀವೇನವ್ವಾ? ಈ ಪಲ್ಯದಾಗ ಎಷ್ಟು ನೀರೈತಿ ನೋಡು" ಅಂದರು.

ಅಲ್ಲೇ ಇತ್ತು ತಪ್ಪು. ಎಲೆಕೋಸಿನಲ್ಲಿ 100ಕ್ಕೆ 90 ಭಾಗಕ್ಕಿಂತ ಜಾಸ್ತಿ ನೀರೇ. ಉಪ್ಪು ಬಿದ್ದರೆ ಸಾಕು, ಬಿಡೋಕೆ ಶುರು ಮಾಡುತ್ತೆ. ನಾನು ಮೊದಲೇ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ, ಬಿಸಿಯಾಗಿದ್ದಾಗಲೇ ಸುತ್ತಿಬಿಟ್ಟಿದ್ದೆ. ದಾವಣಗೆರೆಯಲ್ಲಿ ಮಳೆಗಾಲಕ್ಕೆ ಮಂಡಕ್ಕಿ ಚೀಲದ ಬಾಯಿ ಬಿಗಿಯಾಗಿ ಕಟ್ಟುವುದನ್ನು ನೋಡುತ್ತಲೇ ಇದ್ದೇನೆ. ಗರಿಗರಿಗೆ ತೇವವೇ ಶತ್ರು ಅಂತ ಗೊತ್ತಿದ್ದೂ ಹೊಳೆದಿರಲಿಲ್ಲ.

ಈಗ ಕಾಲು ಕಿಲೋ ಎಲೆಕೋಸು, ಒಂದು ಕ್ಯಾರೆಟ್, ಒಂದು ದೊಣ್ಣೆ ಮೆಣಸಿನಕಾಯಿ, ಹತ್ತು ಬೀನ್ಸ್ ತೆಗೆದುಕೊಂಡು ಕಡ್ಡಿಯ ಹಾಗೆ ಸಣ್ಣಗೆ ಉದ್ದಕ್ಕೆ ಹೆಚ್ಚುತ್ತೇನೆ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಬೆಳ್ಳುಳ್ಳಿ, ಶುಂಠಿ ಹಾಕಿ, ಹಿಂದೆಯೇ ತರಕಾರಿ ಹಾಕಿ ಜೋರು ಉರಿಯಲ್ಲಿ ಎರಡು ಮೂರು ನಿಮಿಷ, ಅಷ್ಟೇ. ಕಚ್ಚಿದರೆ ಕರುಂ ಅನ್ನಬೇಕು. ಒಂದು ಚಮಚ ಸೋಯಾ ಸಾಸ್, ಕಾಳುಮೆಣಸಿನ ಪುಡಿ ಕೊನೆಗೆ. ಸೋಯಾದಲ್ಲೇ ಉಪ್ಪಿರುತ್ತೆ, ಹಾಗಾಗಿ ರುಚಿ ನೋಡಿ ಚೂರೇ ಚೂರು ಉಪ್ಪು. ತಕ್ಷಣ ಅಗಲವಾದ ತಟ್ಟೆಗೆ ಹರಡಿ ಫ್ಯಾನ್ ಕೆಳಗೆ ಇಡುತ್ತೇನೆ. ಅರ್ಧ ಗಂಟೆಯಾದ ಮೇಲೆ ತಟ್ಟೆಯನ್ನು ಓರೆ ಮಾಡಿ ನೋಡುತ್ತೇನೆ. ಒಂದು ಹನಿ ಜಾರಿದರೂ ಪಲ್ಯವನ್ನು ಹಿಂಡಿಯೇ ಮುಂದಿನ ಕೆಲಸ.

ಹಾಳೆಗೆ ಒಂದು ಲೋಟ ಮೈದಾ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಮೆತ್ತಗೆ ಕಲಸಿ ಅರ್ಧ ಗಂಟೆ ನೆನೆಸಿ ಎಂಟು ಉಂಡೆ ಮಾಡುತ್ತೇನೆ. ಎರಡು ಉಂಡೆ ಪೂರಿಯಷ್ಟು ಲಟ್ಟಿಸಿ, ನಡುವೆ ಎಣ್ಣೆ ಸವರಿ ಹಿಟ್ಟು ಉದುರಿಸಿ, ಒಂದರ ಮೇಲೊಂದಿಟ್ಟು ತೆಳ್ಳಗೆ ಲಟ್ಟಿಸಬೇಕು. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಬದಿಗೆ 20 ಸೆಕೆಂಡ್. ಬಣ್ಣ ಬರಬಾರದು. ಬಿಸಿ ಇರುವಾಗಲೇ ಅಂಚು ಹಿಡಿದು ಎಳೆದರೆ ಎರಡು ಹಾಳೆ ಸಲೀಸಾಗಿ ಬಿಡುತ್ತವೆ. ತಣಿದರೆ ಹರಿಯುತ್ತವೆ. ಬಿಡಿಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಅಂಚು ಒಣಗಿ ಮಡಿಸುವಾಗ ಮುರಿಯುತ್ತೆ.

ಸುತ್ತುವುದು ಹಾಸಿಗೆ ಸುತ್ತಿದ ಹಾಗೆ. ಎರಡು ಚಮಚ ಪಲ್ಯ, ಒಂದು ಸುತ್ತು, ಎರಡೂ ಬದಿ ಒಳಕ್ಕೆ, ಮತ್ತೆ ಬಿಗಿಯಾಗಿ ಸುತ್ತು. ತುದಿಗೆ ಮೈದಾ ಅಂಟು. ಸಡಿಲ ಬಿಟ್ಟಲ್ಲೆಲ್ಲ ಎಣ್ಣೆ ಹೊಕ್ಕುತ್ತೆ.

ಎಣ್ಣೆಗೆ ಹಿಟ್ಟಿನ ಚೂರು ಹಾಕಿದರೆ ಒಂದು ಕ್ಷಣ ತಡೆದು ಮೇಲೇಳಬೇಕು. ಒಮ್ಮೆಗೆ ನಾಲ್ಕೇ ರೋಲ್, ನಡು ಉರಿ, ಹೊಂಬಣ್ಣ ಬರುವ ತನಕ. ತೆಗೆದು ಜಾಲರಿಯ ಮೇಲೆ ನಿಲ್ಲಿಸುತ್ತೇನೆ. ಪೇಪರ್ ಮೇಲೆ ರಾಶಿ ಹಾಕಿದರೆ ಅದರದೇ ಹಬೆಗೆ ಅಡಿ ಮೆತ್ತಗಾಗುತ್ತೆ.

ಹೋದ ಭಾನುವಾರ ಅತ್ತೆ ಎರಡು ತಿಂದರು. ಸಾಸ್ ಮುಟ್ಟಲಿಲ್ಲ, ಬೆಳಗಿನ ಬೆಣ್ಣೆ ದೋಸೆಗೆ ಮಾಡಿದ್ದ ಕಾಯಿ ಚಟ್ನಿ ಹಾಕಿಸಿಕೊಂಡರು.